ಪರದೇಶವಾಸಿಗಳ ಯೋಗಕ್ಷೇಮ

ಹಿಂದಿನವರು ಕಾಗದ ಬರೆಯುವಾಗ ಉಭಯ ಕುಶಲೋಪರಿ ಸಾಂಪ್ರತವೆಂದು ಆರಂಭಿಸಿ, "ಆಗಾಗ್ಗೆ ಯೋಗಕ್ಷೇಮವನ್ನು ಬರೆಯುತ್ತಿರಬೇಕು" ಎಂದು ಮುಗಿಸುತ್ತಿದ್ದರು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಈ ಶಬ್ದವನ್ನು ಬಿಡಿಸಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಹುಡುಗರಿಗೆ ಹೇಳಿಕೊಟ್ಟವನು ನಾನು. ಆದರೆ ನನ್ನ ಮಗಳು ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೊರಟಾಗ, ಯೋಗದಲ್ಲಿ ಒಂದು ತಪ್ಪನ್ನೂ ಕ್ಷೇಮದಲ್ಲಿ ಮತ್ತೊಂದು ತಪ್ಪನ್ನೂ ನಾನೇ ಮಾಡಿದೆನು. ಎರಡೂ ಮೊಬೈಲು ದೂರವಾಣಿಗೆ ಸಂಬಂಧಪಟ್ಟವು. ಅವುಗಳನ್ನು ಇಲ್ಲಿ ಮರೆಮಾಚದೆ ನಿವೇದಿಸಿಕೊಳ್ಳುವುದರಿಂದ ವಾಚಕ ಬಾಂಧವರಲ್ಲಿ ಯಾರಿಗಾದರೂ ನಾವು ಕಳೆದಂಥ ಒಂದು ರಾತ್ರಿಯು ತಪ್ಪುವುದಾದರೆ, ನನ್ನ ನಾಚಿಕೆಯು ಸಾರ್ಥಕವಾದಂತೆಯೇ ಸರಿ.

ಮಕ್ಕಳು ದೇಶಾಂತರಕ್ಕೆ ಹೊರಡುವ ಮನೆಯಲ್ಲಿ ನಡೆಯುವ ಸನ್ನಾಹವನ್ನು ಗೃಹಿಣಿಯರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಸಣ್ಣ ಕುಕ್ಕರು, ಉಣ್ಣೆಯ ಅಂಗಿ ಇವೆಲ್ಲವನ್ನೂ ತಕ್ಕಡಿಗೆ ಹಾಕಿ ತೂಗಿ, ತೆಗೆದು, ಮತ್ತೆ ತುಂಬುತ್ತೇವೆ. ದೂರವಾಣಿಯ ಮಾತು ಬಂದಾಗ ಮಾತ್ರ, "ಅಲ್ಲಿ ಇಳಿದ ಮೇಲೆ ಯಾವುದಾದರೊಂದು ಸಿಮ್ಮನ್ನು ಕೊಂಡರಾಯಿತು" ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತೇವೆ. ಆದರೆ ಆ ಚಟ್ನಿಪುಡಿಯು ಒಂದು ತಿಂಗಳಲ್ಲಿ ಮುಗಿಯುವುದು. ಅನಂತರ ತಾಯಿಗೂ ಮಗುವಿಗೂ ನಡುವೆ ಉಳಿಯುವ ಸೂತ್ರವು ಆ ಸಿಮ್ಮೊಂದೇ.

ನನ್ನ ಮಗಳು ಹೋದದ್ದು ಜರ್ಮನಿಯ ಟ್ಯೂಬಿಂಗೆನ್ ಎಂಬ ಊರಿಗೆ. ನೆಕ್ಕರ್ ನದಿಯ ದಡದ ಆ ಚಿಕ್ಕ ಪಟ್ಟಣದ ವಿಶ್ವವಿದ್ಯಾಲಯವು 1477ರಲ್ಲಿ ಸ್ಥಾಪಿತವಾದುದು. ಸಂಸ್ಕೃತವನ್ನು ಕಲಿತವರಿಗೆ ಅದು ಅಪರಿಚಿತವಲ್ಲ. ಪೀಟರ್ಸ್‌ಬರ್ಗಿನ ಮಹಾಕೋಶವನ್ನು ಬೋತ್ಲಿಂಕನೊಡನೆ ರಚಿಸಿದ ರುಡಾಲ್ಫ್ ರೋಥನು ಅಲ್ಲಿಯೇ ಅಧ್ಯಾಪಕನಾಗಿದ್ದನು. ಕನ್ನಡಿಗರಿಗಂತೂ ಅದು ಮತ್ತಷ್ಟು ಹತ್ತಿರದ್ದು. 1894ರಲ್ಲಿ ಪ್ರಕಟವಾದ ಕನ್ನಡ ನಿಘಂಟಿನ ಕರ್ತೃಗಳಾದ ಕಿಟ್ಟೆಲ್ ಮಹಾಶಯರು ತಮ್ಮ ಕಡೆಯ ದಿನಗಳನ್ನು ಆ ಊರಿನಲ್ಲಿ ಕಳೆದು 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಕಾಗದವೊಂದು ಸಮುದ್ರವನ್ನು ದಾಟಿ ಬರಲು ವಾರಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅಲ್ಲಿಂದ ಇಲ್ಲಿಗೆ ಬಂದು ಬಾಳಿದವರು ಅವರು. ನಾವಾದರೋ ಒಂದು ರಾತ್ರಿ ಕಾಯಲಾರದೆ ಹೋದೆವು.

ಆ ರಾತ್ರಿಯ ವಿಷಯವನ್ನು ಹೇಳುತ್ತೇನೆ. ಮಗಳು ಹೋದ ಮರುವರ್ಷದ ಆಷಾಢ ಮಾಸ. ನಮ್ಮ ಮಲೆನಾಡಿನ ಮಳೆ. ರಾತ್ರಿ ಹನ್ನೊಂದರ ಸುಮಾರಿಗೆ ಹಿತ್ತಿಲ ಬಾಗಿಲನ್ನು ಹಾಕಲು ಹೋದ ನನ್ನ ಮನೆಯವರು ಪಾಚಿಗಟ್ಟಿದ ಮೆಟ್ಟಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡರು. ನೆರೆಯವರ ಕಾರಿನಲ್ಲಿ ಶಿವಮೊಗ್ಗೆಗೆ ಸಾಗಿಸುವಾಗ ಅವರು ಕೇಳಿದ್ದು ಒಂದೇ: "ಮಗೂಗೆ ಒಂದು ಮಾತು ಹೇಳಿದಿರಾ?" ಬೇಸಗೆಯಲ್ಲಿ ಜರ್ಮನಿಯ ಗಡಿಯಾರವು ನಮಗಿಂತ ಮೂರೂವರೆ ಗಂಟೆ ಹಿಂದೆ; ಅಲ್ಲಿ ಇನ್ನೂ ಸಂಜೆ ಏಳೂವರೆ. ವಾಟ್ಸಾಪಿನಲ್ಲಿ ಕರೆದೆನು. ಉತ್ತರವಿಲ್ಲ. ಬೆಳಗಿನವರೆಗೆ ಹದಿನೇಳು ಬಾರಿ ಕರೆದೆನು. ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ಯುವಾಗಲೂ ಆ ತಾಯಿಯ ಕಣ್ಣು ನನ್ನ ಕೈಯಲ್ಲಿದ್ದ ಫೋನಿನ ಮೇಲೆಯೇ ಇದ್ದಿತು. ಮಗಳ ಕರೆಯು ಬಂದದ್ದು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ, ಅವಳು ಬಸ್ಸಿನ ನಿಲ್ದಾಣಕ್ಕೆ ನಡೆದು ಬಂದ ಮೇಲೆ. "ಅಪ್ಪಯ್ಯಾ, ರೂಮಲ್ಲಿ ಸಿಗ್ನಲ್ಲೇ ಇರಲಿಲ್ಲ, ವೈಫೈ ಕೂಡ ಕೆಟ್ಟಿತ್ತು" ಎಂದವಳು ಮುಂದೆ ಮಾತನಾಡಲಾರದೆ ಹೋದಳು.

ದೇವರ ದಯೆಯಿಂದ ಮನೆಯವರು ಚೇತರಿಸಿಕೊಂಡು ಈಗ ಕೋಲಿಲ್ಲದೆ ನಡೆಯುತ್ತಿದ್ದಾರೆ. ಆದರೆ ಇದು ಹೇಗಾಯಿತೆಂದು ವಿಚಾರಿಸಿದಾಗ ತಿಳಿದುಬಂದ ಸಂಗತಿಗಳು ನನ್ನ ಕಣ್ಣನ್ನು ತೆರೆಸಿದವು. ಮಗಳು ಸಹಪಾಠಿಗಳ ಮಾತಿನಂತೆ ಅತ್ಯಂತ ಅಗ್ಗವಾದ ಒಂದು ಸಿಮ್ಮನ್ನು ಕೊಂಡಿದ್ದಳು. ಪಟ್ಟಣದ ಮಧ್ಯದಲ್ಲಿ ಅದು ಸೊಗಸಾಗಿ ನಡೆಯುತ್ತಿದ್ದಿತು. ಆದರೆ ಅವಳಿಗೆ ಬಾಡಿಗೆಗೆ ದೊರೆತ ಕೋಣೆಯು ಪಟ್ಟಣದಿಂದಾಚೆ ಒಂದು ಕಣಿವೆಯ ಹಳ್ಳಿಯಲ್ಲಿ, ಇಳಿಜಾರಿಗೆ ಒರಗಿದ ದಪ್ಪ ಕಲ್ಲುಗೋಡೆಯ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದಿತು. ಆ ರಾತ್ರಿಯಾದ ಮೇಲೆ ಅವಳು ಬೇರೊಂದು ಕಂಪೆನಿಯ ಸಿಮ್ಮನ್ನು ಕೊಂಡಳು. ಸ್ಥಿತಿಯು ಹೆಚ್ಚೇನೂ ಸುಧಾರಿಸಲಿಲ್ಲ. ಆಮೇಲೆ ಒಂದು ದಿನ ಪಕ್ಕದ ಕೋಣೆಯ ವಿದ್ಯಾರ್ಥಿಯು, ಜರ್ಮನಿಯಲ್ಲಿಯೇ ಕೊಂಡಿದ್ದ ತನ್ನ ಫೋನಿಗೆ ಅವಳ ಮೊದಲಿನ ಅಗ್ಗದ ಸಿಮ್ಮನ್ನು ಹಾಕಿ ನೋಡಿದಾಗ, ಅದೇ ಕೋಣೆಯಲ್ಲಿ ಸಿಗ್ನಲ್ಲು ನಿಚ್ಚಳವಾಗಿ ಬಂದಿತು! ದೋಷವಿದ್ದುದು ಕಂಪೆನಿಯಲ್ಲಲ್ಲ, ಅವಳ ಫೋನಿನಲ್ಲಿ. ಆ ಫೋನನ್ನು ಶಿವಮೊಗ್ಗೆಯ ಅಂಗಡಿಯಲ್ಲಿ ಕ್ಯಾಮರಾ ಚೆನ್ನಾಗಿದೆಯೆಂದು ಆರಿಸಿ, ಹೊರಡುವ ಮುನ್ನಾದಿನ ಅವಳ ಕೈಗೆ ಉಡುಗೊರೆಯಾಗಿ ಇತ್ತವನು ನಾನೇ.

ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಗೋಪುರದಿಂದ ಫೋನಿಗೆ ಬರುವ ತರಂಗಗಳೆಲ್ಲವೂ ಒಂದೇ ಜಾತಿಯವಲ್ಲ. ಕಂಪನಸಂಖ್ಯೆಯು ಕಡಮೆಯಾದವು ದೂರ ಸಾಗುತ್ತವೆ, ಗೋಡೆಗಳೊಳಕ್ಕೂ ಹೆಚ್ಚು ಸುಲಭವಾಗಿ ನುಗ್ಗುತ್ತವೆ; ಹೆಚ್ಚಾದವು ಬಹಳ ಡೇಟಾವನ್ನು ಹೊತ್ತು ತರುತ್ತವೆ, ಆದರೆ ಬೇಗನೆ ದಣಿಯುತ್ತವೆ. ಜರ್ಮನಿಯಲ್ಲಿ ಹಳ್ಳಿಗಳಿಗೂ ಮನೆಗಳ ಒಳಭಾಗಕ್ಕೂ 4ಜಿಯನ್ನು ಮುಟ್ಟಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು 800 ಮೆಗಾಹರ್ಟ್ಸಿನ ತರಂಗ. ಅದನ್ನು 2010ರಲ್ಲಿ ಅಲ್ಲಿಯ ಸರಕಾರವು ಹರಾಜು ಮಾಡಿತು. ಫೋನಿನ ವಿವರಪಟ್ಟಿಯಲ್ಲಿ ಇದನ್ನು "ಬ್ಯಾಂಡ್ 20" ಎಂದು ಬರೆದಿರುತ್ತಾರೆ. ನಮ್ಮ ದೇಶದ ಕಂಪೆನಿಗಳು 850, 900, 1800, 2300 ಮೊದಲಾದವುಗಳನ್ನು ಬಳಸುತ್ತವೆಯೇ ಹೊರತು ಈ 800ರ ಪಟ್ಟಿಯನ್ನಲ್ಲ. ಆದಕಾರಣ ಭಾರತದಲ್ಲಿ ಮಾರುವ ಕೆಲವು ಫೋನುಗಳಲ್ಲಿ ಈ ಬ್ಯಾಂಡನ್ನು ಸೇರಿಸಿಯೇ ಇರುವುದಿಲ್ಲ. ಕಿವಿಯಿಲ್ಲದವನ ಮುಂದೆ ಎಷ್ಟು ಗಟ್ಟಿಯಾಗಿ ಹಾಡಿದರೇನು? ಆ ಕೋಣೆಯಲ್ಲಿ ಮಗಳ ಫೋನಿಗೆ ಕೇಳಿಸುತ್ತಿದ್ದುದು ಹಳೆಯ 2ಜಿಯ ಕ್ಷೀಣಧ್ವನಿ ಮಾತ್ರ. ಅದರ ಮೂಲಕ ವಾಟ್ಸಾಪಿನ ಕರೆಯು ಬರಲಾರದು. ಸಾಮಾನ್ಯ ಕರೆಯು ಬಹುಶಃ ಬರುತ್ತಿದ್ದಿತು. ಆದರೆ ಅವಳ ಜರ್ಮನ್ ಸಂಖ್ಯೆಯನ್ನು ನಾನು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ!

ಆದುದರಿಂದ ನನ್ನ ಮೊದಲನೆಯ ಮಾತು ಇದು: ಕಂಪೆನಿಯನ್ನು ವಿಚಾರಿಸುವುದಕ್ಕೆ ಮುಂಚೆ ಫೋನನ್ನು ವಿಚಾರಿಸಿರಿ. ಹೋಗುವ ದೇಶದಲ್ಲಿ ಯಾವ ಬ್ಯಾಂಡುಗಳು ನಡೆಯುತ್ತವೆಯೆಂಬುದನ್ನು ತಿಳಿದು, ಫೋನಿನ ಮಾದರಿಯ ಹೆಸರಿನೊಡನೆ ಸರಿಹೋಲಿಸಿರಿ. ಇನ್ನೊಂದು ಅಂಶವೂ ಉಂಟು. ಜರ್ಮನಿಯಲ್ಲಿ 2021ರಲ್ಲಿಯೂ ಅಮೆರಿಕದಲ್ಲಿ 2022ರಲ್ಲಿಯೂ ದೊಡ್ಡ ಕಂಪೆನಿಗಳು 3ಜಿಯನ್ನು ಮುಚ್ಚಿಬಿಟ್ಟವು. ಆದಕಾರಣ 4ಜಿಯ ಮೇಲೆಯೇ ಮಾತನ್ನು ಸಾಗಿಸುವ ಸೌಕರ್ಯವು, ಎಂದರೆ ವೋಲ್ಟಿಯು, ಆ ದೇಶದ ಕಂಪೆನಿಯೊಡನೆ ನಿಮ್ಮ ಫೋನಿನಲ್ಲಿ ನಡೆಯುವುದೇ ಎಂದು ಕೇಳಿಕೊಳ್ಳತಕ್ಕದ್ದು. ಸಂಶಯವಿದ್ದಲ್ಲಿ ಹೊಸ ಫೋನನ್ನು ಇಲ್ಲಿ ಕೊಡಿಸದೆ ಅಲ್ಲಿಯೇ ಕೊಳ್ಳುವಂತೆ ಹಣವನ್ನು ಕೊಡುವುದು ಮೇಲು.

ಎರಡನೆಯದು ಸ್ಥಳದ ವಿಚಾರ. ಒಂದು ಅಗುಳನ್ನು ಹಿಚುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದಕ್ಕೆ ಸ್ಥಾಲೀಪುಲಾಕ ನ್ಯಾಯವೆನ್ನುತ್ತಾರಷ್ಟೆ. ಮೊಬೈಲು ಜಾಲದ ವಿಷಯದಲ್ಲಿ ಈ ನ್ಯಾಯವು ನಡೆಯದು. ಇಲ್ಲಿ ಒಂದು ಅಗುಳು ಬೆಂದಿದ್ದರೆ ಪಕ್ಕದ ಅಗುಳು ಅಕ್ಕಿಯಾಗಿಯೇ ಇದ್ದೀತು. ನಮ್ಮ ಸಾಗರ, ಹೊಸನಗರದ ಕಡೆಯವರಿಗೆ ಇದನ್ನು ಹೇಳಬೇಕೆ? 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಯನ್ನೇರಿ, ಕೊಡೆಯ ಕೆಳಗೆ ಕುಳಿತು ಫೋನಿನಲ್ಲಿ ಪಾಠ ಕೇಳಲಿಲ್ಲವೆ? ಜರ್ಮನಿಯಂಥ ಶ್ರೀಮಂತ ದೇಶದಲ್ಲಿ ಹೀಗಿರಲಾರದೆಂದು ನಾನು ಎಣಿಸಿದ್ದೆನು. ಆದರೆ ಆ ಭಾಷೆಯಲ್ಲಿ ಇದಕ್ಕಾಗಿಯೇ "ಫುಂಕ್‌ಲೋಖ್" ಎಂಬ ಶಬ್ದವಿದೆ. ತರಂಗಗಳಿಲ್ಲದ ರಂಧ್ರವೆಂದು ಅದರ ಅರ್ಥ. ಶಬ್ದವಿರುವಲ್ಲಿ ವಸ್ತುವೂ ಇರಬೇಕಲ್ಲವೆ!

ಆದುದರಿಂದ "ಜರ್ಮನಿಯಲ್ಲಿ ಯಾವ ಕಂಪೆನಿ ಒಳ್ಳೆಯದು?" ಎಂಬ ಪ್ರಶ್ನೆಯೇ ಸರಿಯಲ್ಲ. "ನಾನು ಮಲಗುವ ಕೋಣೆಯಲ್ಲಿ, ಓದುವ ಕಟ್ಟಡದಲ್ಲಿ, ಇವೆರಡರ ನಡುವಿನ ದಾರಿಯಲ್ಲಿ ಯಾವುದು ಸಿಗುತ್ತದೆ?" ಎಂದು ಕೇಳಬೇಕು. ಅಲ್ಲಿ ಸ್ವಂತ ಗೋಪುರಗಳ ಹಳೆಯ ಜಾಲಗಳು ಮೂರು: ಟೆಲಿಕೋಮ್, ವೊಡಾಫೋನ್, ಓ2. ನಾಲ್ಕನೆಯದಾದ 1&1 ಎಂಬುದು 2023ರಲ್ಲಿ ಮೊಬೈಲಿಗೆ ತನ್ನದೇ ಜಾಲವನ್ನು ಆರಂಭಿಸಿತು. ಪ್ರತಿಯೊಂದು ಕಂಪೆನಿಯೂ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸುತ್ತದೆ. ಸರಕಾರದ ನಿಯಂತ್ರಣ ಸಂಸ್ಥೆಯಾದ ಬುಂಡೆಸ್‌ನೆಟ್ಸ್‌ಅಗೆಂಟೂರ್ ಕೂಡ ಒಂದನ್ನು ಇಟ್ಟಿದೆ. ನಕ್ಷೆಯನ್ನು ನೋಡಿರಿ, ಆದರೆ ಅದೊಂದನ್ನೇ ನಂಬಬೇಡಿರಿ. ಬಯಲಿನ ಸಿಗ್ನಲ್ಲು ಬೇರೆ, ಕಲ್ಲುಗೋಡೆಯ ಒಳಗಿನದು ಬೇರೆ. ಮನೆಯ ಯಜಮಾನರನ್ನೂ ಪಕ್ಕದ ಕೋಣೆಯವರನ್ನೂ ಕೇಳುವುದು ಎಲ್ಲಕ್ಕಿಂತ ಉತ್ತಮವಾದ ಪ್ರಮಾಣ.

ಮೂರನೆಯದು ಹೆಸರುಗಳ ಮಾಯೆ. ಅಲ್ಲಿ ದಿನಸಿಯ ಅಂಗಡಿಗಳಲ್ಲಿಯೂ ಸಿಮ್ಮುಗಳನ್ನು ಮಾರುತ್ತಾರೆ. ಈ ಮಾರಾಟಗಾರರಿಗೆ ಸ್ವಂತ ಗೋಪುರಗಳಿಲ್ಲ. ದೊಡ್ಡವರ ಜಾಲವನ್ನೇ ಬಾಡಿಗೆಗೆ ಹಿಡಿದು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಆಲ್ಡಿ ಟಾಕ್ ಎಂಬುದು ಓ2 ಜಾಲದ ಮೇಲೆ, ಲಿಡ್ಲ್ ಕನೆಕ್ಟ್ ಎಂಬುದು ವೊಡಾಫೋನಿನ ಮೇಲೆ, ಕಾಂಗ್‌ಸ್ಟಾರ್ ಎಂಬುದು ಟೆಲಿಕೋಮಿನ ಮೇಲೆ ನಡೆಯುತ್ತವೆ. ಕೊಡಗಳು ಬೇರೆಯಾದರೂ ಕೆರೆಯು ಒಂದೇ. ಆದಕಾರಣ ನಿಮ್ಮ ಕೋಣೆಯಲ್ಲಿ ಯಾವ ಕೆರೆಯ ನೀರು ಬರುತ್ತದೆಯೆಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆ ಮೇಲೆ ಅದೇ ನೀರನ್ನು ಅಗ್ಗದ ಕೊಡದಲ್ಲಿ ತೆಗೆದುಕೊಳ್ಳುವುದರಲ್ಲಿ ದೋಷವಿಲ್ಲ. ಅಗ್ಗದ್ದನ್ನು ಮೊದಲು ಹುಡುಕಿ, ನೀರು ಬರುವುದೋ ಇಲ್ಲವೋ ಎಂದು ಆಮೇಲೆ ನೋಡುವುದು ತಲೆಕೆಳಗಾದ ಕ್ರಮ.

ನಾಲ್ಕನೆಯದು ಕರಾರಿನ ವಿಚಾರ. ಹೊಸದಾಗಿ ಹೋದವರು ಮೊದಲ ದಿನವೇ ದೀರ್ಘಾವಧಿಯ ಕರಾರಿಗೆ ಸಹಿ ಹಾಕಬಾರದು. ಹಾಕಬೇಕೆಂದರೂ ಕಷ್ಟವುಂಟು; ಅಲ್ಲಿ ಷೂಫಾ ಎಂಬ, 1927ರಷ್ಟು ಹಳೆಯ ಸಂಸ್ಥೆಯೊಂದು ಜನರ ಸಾಲಸೋಲದ ಲೆಕ್ಕವನ್ನಿಡುತ್ತದೆ. ಅದರ ಪುಸ್ತಕದಲ್ಲಿ ಹೆಸರೇ ಇಲ್ಲದ ನವಾಗತರಿಗೆ ಕರಾರು ದೊರೆಯದೆ ಹೋಗುವುದುಂಟು. ಮುಂಗಡವಾಗಿ ಹಣ ಕಟ್ಟುವ ಪ್ರೀಪೇಯ್ಡ್ ಸಿಮ್ಮಿಗೆ ಈ ತೊಡಕಿಲ್ಲ. ಆದರೆ 2017ರ ಜುಲೈಯಿಂದ ಅದಕ್ಕೂ ಗುರುತಿನ ಪರೀಕ್ಷೆಯು ಕಡ್ಡಾಯ. ಪಾಸ್‌ಪೋರ್ಟನ್ನು ಅಂಚೆಕಚೇರಿಯಲ್ಲಿ ಅಥವಾ ವಿಡಿಯೋ ಕರೆಯಲ್ಲಿ ತೋರಿಸಿದಲ್ಲದೆ ಸಿಮ್ಮು ಜೀವಂತವಾಗದು. ಮೊದಲ ದಿನಗಳಿಗೆಂದು ಇಲ್ಲಿಂದಲೇ ಯಾತ್ರಿಕರ ಇ-ಸಿಮ್ಮನ್ನು ಹಾಕಿಸಿಕೊಂಡು ಹೋಗಬಹುದು. ಆದರೆ ಅವುಗಳಲ್ಲಿ ಬಹಳಷ್ಟು ಡೇಟಾವನ್ನು ಮಾತ್ರ ಕೊಡುತ್ತವೆ, ಸ್ಥಳೀಯ ಸಂಖ್ಯೆಯನ್ನಲ್ಲ. ಬ್ಯಾಂಕಿಗೂ ಮನೆಯ ಯಜಮಾನರಿಗೂ ಬೇಕಾದುದು ಸಂಖ್ಯೆ.

ಲೆಕ್ಕದ ಮೇಷ್ಟರಲ್ಲದಿದ್ದರೂ ಒಂದು ಲೆಕ್ಕವನ್ನು ಹೇಳುತ್ತೇನೆ. ಅಲ್ಲಿಯ ಪ್ರೀಪೇಯ್ಡ್ ಯೋಜನೆಗಳ "ತಿಂಗಳು" ಸಾಮಾನ್ಯವಾಗಿ ನಾಲ್ಕು ವಾರ, ಎಂದರೆ 28 ದಿನ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬಾರಿ ಹಣ ಕಟ್ಟಬೇಕು. ಹತ್ತು ಯೂರೋ ಎಂದು ಬರೆದಿದ್ದರೆ ವರ್ಷಕ್ಕೆ 120 ಅಲ್ಲ, 130. ಡೇಟಾ ಎಷ್ಟು ಬೇಕೆಂಬುದನ್ನೂ ಅಂದಾಜು ಮಾಡಿಕೊಳ್ಳಿರಿ. ಮುಖ ನೋಡುತ್ತ ಮಾತನಾಡಿದರೆ ಗಂಟೆಗೆ ಸುಮಾರು ಕಾಲು ಜಿಬಿಯಿಂದ ಒಂದು ಜಿಬಿಯವರೆಗೆ ಖರ್ಚಾದೀತು. ಬರಿಯ ಮಾತಿಗೆ ಇದರ ಒಂದು ಚಿಕ್ಕ ಪಾಲು ಸಾಕು. ವಿಶ್ವವಿದ್ಯಾಲಯದ ಆವರಣದಲ್ಲಿ ಎಡುರೋಮ್ ಎಂಬ ವೈಫೈ ವಿದ್ಯಾರ್ಥಿಗಳಿಗೆ ಉಚಿತ. ಕೊಂಡ ಡೇಟಾ ಮುಗಿದ ಮೇಲೆ ಅನೇಕ ಯೋಜನೆಗಳಲ್ಲಿ ವೇಗವು ಇರುವೆಯ ನಡಿಗೆಗೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಒಂದೆರಡು ತಿಂಗಳು ಪರೀಕ್ಷಿಸಿ ನೋಡಿ ತೃಪ್ತಿಯಾದ ಮೇಲೆ ಕರಾರು ಬೇಕೆನಿಸಿದರೆ ಅಲ್ಲಿಯ ಕಾನೂನು ಅನುಕೂಲವಾಗಿದೆ. 2021ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮದಂತೆ ಮೊದಲ ಅವಧಿಯು 24 ತಿಂಗಳನ್ನು ಮೀರಕೂಡದು. 12 ತಿಂಗಳ ಕರಾರನ್ನೂ ಗ್ರಾಹಕರ ಮುಂದಿಡಬೇಕು. ಮೊದಲ ಅವಧಿ ಕಳೆದ ಮೇಲೆ ಒಂದು ತಿಂಗಳ ಸೂಚನೆ ಕೊಟ್ಟು ಬಿಡಬಹುದು. ಗಡಿಯ ವಿಚಾರವೂ ಹೀಗೆಯೇ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಯಾವ ದೇಶಕ್ಕೆ ಪ್ರವಾಸ ಹೋದರೂ, ನ್ಯಾಯವಾದ ಬಳಕೆಯ ಮಿತಿಯೊಳಗೆ, ಪ್ರತ್ಯೇಕ ರೋಮಿಂಗ್ ಶುಲ್ಕವಿಲ್ಲ. ಈ ಏರ್ಪಾಡನ್ನು 2032ರವರೆಗೆ ಮುಂದುವರಿಸಿದ್ದಾರೆ. ಆದರೆ ಟ್ಯೂಬಿಂಗೆನ್ನಿಗೆ ಸಮೀಪದಲ್ಲಿಯೇ ಇರುವ ಸ್ವಿಟ್ಜರ್ಲೆಂಡು ಒಕ್ಕೂಟಕ್ಕೆ ಸೇರಿದುದಲ್ಲ. ಹಿಮಪರ್ವತವನ್ನು ನೋಡಲು ಹೋಗುವವರು ತಮ್ಮ ಯೋಜನೆಯಲ್ಲಿ ಆ ದೇಶವು ಸೇರಿದೆಯೇ ಎಂದು ವಿಚಾರಿಸದೆ ಗಡಿ ದಾಟಿದರೆ, ಪರ್ವತದಷ್ಟೇ ಎತ್ತರದ ಬಿಲ್ಲು ಬಂದೀತು.

ಬೇರೆ ದೇಶಗಳಿಗೆ ಹೋಗುವವರಿಗೂ ಪ್ರಶ್ನೆಗಳ ಕ್ರಮವು ಇದೇ; ಉತ್ತರಗಳು ಮಾತ್ರ ಬೇರೆ. ದುಬೈ, ಅಬುಧಾಬಿಗಳಲ್ಲಿ ವಾಟ್ಸಾಪಿನ ಮೂಲಕ ಮಾತನಾಡುವುದಕ್ಕೆ ವರ್ಷಗಳಿಂದ ನಿರ್ಬಂಧವುಂಟು; ಅಲ್ಲಿ ಅನುಮತಿ ಪಡೆದ ಆಪುಗಳನ್ನೇ ಬಳಸಬೇಕು. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರಿಂದೀಚೆಗೆ ಸಿಮ್ಮನ್ನು ಹಾಕುವ ಕಂಡಿಯೇ ಇಲ್ಲ, ಇ-ಸಿಮ್ ಮಾತ್ರ.

ಇಷ್ಟು ಯೋಗದ ಮಾತಾಯಿತು. ಇನ್ನು ಕ್ಷೇಮದ ಮಾತು. ಮಗಳು ಹೋದ ಮೇಲೆ ಅವಳ ಊರಿನ ಸಂಖ್ಯೆಗೆ ರೀಚಾರ್ಜು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಬಳಸದ ವಸ್ತುವಿಗೆ ಹಣವೇಕೆಂದು ನಾನು ಮಿತವ್ಯಯದ ಹೆಮ್ಮೆಯಿಂದ ಅದನ್ನು ಬಿಟ್ಟುಬಿಟ್ಟೆನು. ಕೆಲವು ತಿಂಗಳಲ್ಲಿ ಆ ಸಂಖ್ಯೆಯು ರದ್ದಾಯಿತು. ವಿದ್ಯಾಭ್ಯಾಸದ ಸಾಲದ ಖಾತೆಗೆ ಓಟಿಪಿ ಬರುತ್ತಿದ್ದುದು ಅದೇ ಸಂಖ್ಯೆಗೆ! ಹೊಸ ಸಂಖ್ಯೆಯನ್ನು ದಾಖಲಿಸಲು ನಾನು ಬ್ಯಾಂಕಿನ ಮೆಟ್ಟಲನ್ನು ಎಷ್ಟು ಬಾರಿ ಹತ್ತಿಳಿದೆನೆಂಬುದನ್ನು ಹೇಳಿ ವಾಚಕರನ್ನು ದಣಿಸುವುದಿಲ್ಲ. ಮೇಲಾಗಿ, ಹೀಗೆ ರದ್ದಾದ ಸಂಖ್ಯೆಯನ್ನು ಕಂಪೆನಿಯು ಕಾಲಾನಂತರ ಬೇರೊಬ್ಬರಿಗೆ ಕೊಡುತ್ತದೆ. ಆಗ ನಮ್ಮ ವಾಟ್ಸಾಪು ಮೊದಲಾದವು ಅಪರಿಚಿತರ ಕೈಸೇರುವ ಅಪಾಯವುಂಟು.

ನಮ್ಮ ದೇಶದ ಟ್ರಾಯ್ ಸಂಸ್ಥೆಯ 2013ರ ನಿಯಮದಂತೆ ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದಿದ್ದರೆ ಅದನ್ನು ನಿಲ್ಲಿಸಬಹುದು. ಖಾತೆಯಲ್ಲಿ ಸ್ವಲ್ಪ ಹಣವಿದ್ದರೆ ಅವಧಿಯು ಬೆಳೆಯುವ ಏರ್ಪಾಡೂ ಇದೆ. 2024ರ ಡಿಸೆಂಬರಿನಲ್ಲಿ ಅದೇ ಸಂಸ್ಥೆಯು, ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಎಂಎಸ್ ಮಾತ್ರವುಳ್ಳ ಯೋಜನೆಗಳನ್ನು ಒದಗಿಸಬೇಕೆಂದೂ, ಅವುಗಳ ಅವಧಿಯು 365 ದಿನಗಳವರೆಗೆ ಇರಬಹುದೆಂದೂ ವಿಧಿಸಿತು. ಪರದೇಶದಲ್ಲಿರುವವರ ಊರಿನ ಸಂಖ್ಯೆಗೆ ಇಂಥದೇ ತಕ್ಕುದು. ವರ್ಷಕ್ಕೊಮ್ಮೆ, ಮಗುವಿನ ಹುಟ್ಟುಹಬ್ಬದ ದಿನ ರೀಚಾರ್ಜು ಮಾಡಿದರೆ ಮರೆವಿಗೆ ಎಡೆಯಿಲ್ಲ. ಹೊರಡುವ ಮುಂಚೆ ಅಂತರರಾಷ್ಟ್ರೀಯ ರೋಮಿಂಗನ್ನು ಆರಂಭಿಸಿರಬೇಕು; ಇಲ್ಲವಾದರೆ ಓಟಿಪಿಯು ಸಮುದ್ರವನ್ನು ದಾಟದು. ಅದೇ ಸಿಮ್ಮಿನ ಡೇಟಾ ರೋಮಿಂಗನ್ನು ಮಾತ್ರ ಮುಚ್ಚಿಟ್ಟಿರಬೇಕು. ತಪ್ಪಿದರೆ ಹಣವು ಸೋರುವುದು. 2023ರ ಆರಂಭದಲ್ಲಿ ಹತ್ತು ದೇಶಗಳ ಸಂಖ್ಯೆಗಳಿಂದ ಯುಪಿಐ ಬಳಸಲು ಅನಿವಾಸಿಗಳಿಗೆ ಅವಕಾಶವಾಯಿತು. ಅಮೆರಿಕ, ಬ್ರಿಟನ್, ಸಿಂಗಪುರ, ಅರಬ್ ಎಮಿರೇಟುಗಳು ಅವುಗಳಲ್ಲಿ ಸೇರಿದ್ದವು, ಜರ್ಮನಿ ಸೇರಿರಲಿಲ್ಲ.

ಈಗ ಮಗಳ ಕೈಯಲ್ಲಿರುವುದು ಅಲ್ಲಿಯೇ ಕೊಂಡ, ಒಬ್ಬರು ಬಳಸಿ ಬಿಟ್ಟ ಹಳೆಯ ಫೋನು. ಅದರಲ್ಲಿ ಎರಡು ಸಂಖ್ಯೆಗಳಿವೆ: ಒಂದು ಅಲ್ಲಿಯದು, ಒಂದು ಇಲ್ಲಿಯದು. ಹೊಸ್ತಿಲ ಮೇಲಿಟ್ಟ ದೀಪವು ಒಳಕ್ಕೂ ಹೊರಕ್ಕೂ ಬೆಳಕನ್ನು ಬೀರುವಂತೆ ಅದು ಎರಡೂ ಮನೆಗಳಿಗೆ ಸಲ್ಲುತ್ತದೆ. ಅಗ್ಗದ ಆ ಮೊದಲ ಸಿಮ್ಮೇ ಅದರಲ್ಲಿ ಕೆಲಸ ಮಾಡುತ್ತಿದೆಯೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಆಪತ್ತಿನ ಸಂಖ್ಯೆಯಾದ 112 ಯುರೋಪಿನಲ್ಲಿಯೂ ಅದೇ, ನಮ್ಮಲ್ಲಿಯೂ ಅದೇ ಎಂದು ಅವಳಿಗೆ ನೆನಪಿಸಿದ್ದೇನೆ. ತನ್ನ ಕಂಪೆನಿಯ ಗೋಪುರವಿಲ್ಲದ ಕಡೆಯಲ್ಲಿಯೂ ಬೇರೆ ಕಂಪೆನಿಯದು ಇದ್ದರೆ ಆ ಕರೆಯು ಸಾಗುತ್ತದೆ. ಆದರೆ ಜರ್ಮನಿಯಲ್ಲಿ ಫೋನಿನೊಳಗೆ ಸಿಮ್ಮು ಇರಲೇಬೇಕೆಂಬ ನಿಯಮವು 2009ರಿಂದ ಉಂಟು.

ನಮ್ಮ ಮನೆಯ ಗೋಡೆಯಲ್ಲಿ ಪಂಚಾಂಗವು ತೂಗುವ ಮೊಳೆಯ ಪಕ್ಕದಲ್ಲಿ, +49 ಎಂದು ಆರಂಭವಾಗುವ ಮಗಳ ಸಂಖ್ಯೆಯನ್ನೂ, ಅವಳ ಮನೆಯ ಯಜಮಾನಿಯ ಸಂಖ್ಯೆಯನ್ನೂ, ಪಕ್ಕದ ಕೋಣೆಯ ಆ ಹುಡುಗನ ಸಂಖ್ಯೆಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದೇವೆ. ಕನ್ನಡಕವಿಲ್ಲದಿದ್ದರೂ ಓದುವಷ್ಟು ದಪ್ಪವಾಗಿರಲೆಂದು ಅದನ್ನು ಬರೆದವರು ನನ್ನ ಮನೆಯವರು. ಮಕ್ಕಳನ್ನು ದೂರಕ್ಕೆ ಕಳುಹಿಸುವ ಪ್ರತಿಯೊಂದು ಮನೆಯ ಗೋಡೆಯಲ್ಲಿಯೂ ಇಂಥದೊಂದು ಚೀಟಿಯಿರಲಿ. ಅದನ್ನು ನೋಡಿ ಕರೆಯಬೇಕಾದ ರಾತ್ರಿಯು ಯಾರಿಗೂ ಬಾರದಿರಲಿ.